ಗಿಡ ಸಾಯುವುದು ಕೈಗುಣದಿಂದಲ್ಲ

“ನನ್ನ ಕೈಗುಣವೇ ಸರಿಯಿಲ್ಲ ಡಾಕ್ಟ್ರೇ, ಎಷ್ಟು ಗಿಡ ತಂದಿಟ್ಟರೂ ಒಂದೆರಡು ತಿಂಗಳಲ್ಲಿ ಸತ್ತೇ ಹೋಗುತ್ತದೆ.” ಮೊಣಕಾಲು ನೋವಿಗೋ ಗ್ಯಾಸ್ಟ್ರಿಕ್‌ಗೋ ಔಷಧಿ ಕೇಳಲು ಬಂದವರು ನನ್ನ ಕ್ಲಿನಿಕ್‌ನ ಕಿಟಕಿಯಲ್ಲಿರುವ ಗಿಡ ನೋಡಿ ಹೀಗೆ ಹೇಳುವುದುಂಟು. ಕೈಗುಣ ಎಂಬ ಮಾತನ್ನು ನಮ್ಮ ಜನ ವೈದ್ಯರಿಗೂ ಬಳಸುತ್ತಾರೆ, ಗಿಡ ನೆಡುವವರಿಗೂ ಬಳಸುತ್ತಾರೆ. ವೈದ್ಯರ ವಿಷಯ ರೋಗಿಗಳೇ ಹೇಳಲಿ. ಗಿಡದ ವಿಷಯದಲ್ಲಿ ಮಾತ್ರ, ಸ್ವಲ್ಪ ವಿಚಾರಿಸಿದರೆ ಹೆಚ್ಚಿನ ಮನೆಗಳಿಂದ ಬರುವ ಉತ್ತರ ಒಂದೇ: ದಿನಾ ನೀರು ಹಾಕುತ್ತಿದ್ದೆವು.

ಮನೆಯೊಳಗಿನ ಗಿಡ ಬಾಯಾರಿಕೆಯಿಂದ ಸಾಯುವುದು ಕಡಿಮೆ. ಅದು ಸಾಯುವುದು ನೀರಿನಲ್ಲಿ ಮುಳುಗಿ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ದಿನಾ ನೀರು ಸುರಿದರೆ ಆ ಸಂದುಗಳೆಲ್ಲ ತುಂಬಿಕೊಂಡು ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ “ಪಾಪ, ನೀರು ಸಾಲಲಿಲ್ಲ” ಎಂದು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು.

ಯೂನಾನಿ ವೈದ್ಯದಲ್ಲಿ ಮದ್ದು ಕೊಡುವ ಮೊದಲು ರೋಗಿಯ ಮಿಜಾಜ್ ಅಥವಾ ಪ್ರಕೃತಿಯನ್ನು ನೋಡುತ್ತೇವೆ. ಉಷ್ಣವೋ ಶೀತವೋ, ಶುಷ್ಕವೋ ಆರ್ದ್ರವೋ ಎಂದು ತಿಳಿಯದೆ ಎಲ್ಲರಿಗೂ ಒಂದೇ ಕಷಾಯ ಕುಡಿಸಿದರೆ ಏನಾಗುತ್ತದೆ? ನಾವು ಗಿಡಗಳಿಗೆ ಮಾಡುತ್ತಿರುವುದು ಅದನ್ನೇ. ಒಣ ನಾಡಿನಿಂದ ಬಂದ ಗಿಡವಿದೆ, ಮಳೆಕಾಡಿನ ಮರದ ಬುಡದಿಂದ ಬಂದ ಗಿಡವಿದೆ. ನಮ್ಮ ಮನೆಯಲ್ಲಿ ಎಲ್ಲಕ್ಕೂ ಬೆಳಿಗ್ಗೆ ಒಂದು ಲೋಟ ನೀರು.

ಪರೀಕ್ಷೆ ಕಷ್ಟವೇನಲ್ಲ. ತೋರುಬೆರಳನ್ನು ಕುಂಡದ ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ತಂಪಾಗಿ, ಒದ್ದೆಯಾಗಿ ಬೆರಳಿಗೆ ಅಂಟಿದರೆ ನೀರು ಬೇಡ. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿದು ಬರುವಷ್ಟು ಹಾಕಿ, ಮತ್ತೆ ಒಣಗುವ ತನಕ ಮುಟ್ಟಬೇಡಿ. ಸ್ವಲ್ಪ ದಿನದಲ್ಲಿ ಕುಂಡ ಎತ್ತಿ ನೋಡಿಯೇ ಭಾರದಿಂದ ಗೊತ್ತಾಗುತ್ತದೆ. “ವಾರಕ್ಕೆ ಎಷ್ಟು ಸಲ ಹಾಕಬೇಕು?” ಎಂದು ಕೇಳಿದರೆ ನಾನು ಸಂಖ್ಯೆ ಹೇಳುವುದಿಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಕುಂಡದ ಮಣ್ಣು ಹೇಗೆ ಒಣಗೀತು? ಅದೇ ಗಿಡ ಕಲಬುರಗಿಯಲ್ಲಿ ಏಪ್ರಿಲ್ ತಿಂಗಳಲ್ಲಿದ್ದರೆ ಲೆಕ್ಕ ಬೇರೆ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಪ್ಲಾಸ್ಟಿಕ್‌ನದು ನಿಧಾನ. ಬೆರಳಿಗಿಂತ ಒಳ್ಳೆಯ ಕ್ಯಾಲೆಂಡರ್ ಇಲ್ಲ.

ವುಝೂ ಮಾಡಿದ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಮನೆಗಳಿವೆ. ಸೋಪಿಲ್ಲದ ನೀರು, ಗಿಡಕ್ಕೆ ತೊಂದರೆಯಿಲ್ಲ, ನೀರು ಉಳಿಯುತ್ತದೆ. ಒಳ್ಳೆಯದೇ. ಆದರೆ ದಿನಕ್ಕೆ ಐದು ಹೊತ್ತೂ ಒಂದೇ ಕುಂಡಕ್ಕೆ ಹೋಗದಿರಲಿ. ಅಂಗಳದ ತೆಂಗಿಗೋ ಬಾಳೆಗೋ ಹೋಗಲಿ.

ಅಂಗಡಿಯಲ್ಲಿ ಸಿಗುವ ಚಂದದ ಪಿಂಗಾಣಿ ಕುಂಡಗಳನ್ನು ಬೋರಲು ಹಾಕಿ ನೋಡಿ. ಎಷ್ಟೋ ಕುಂಡಗಳಿಗೆ ತೂತೇ ಇರುವುದಿಲ್ಲ. ಅಂಥದ್ದರಲ್ಲಿ ಯಾರು ಬೆಳೆಸಿದರೂ ಗಿಡ ಬದುಕುವುದು ಕಷ್ಟ. ಮಣ್ಣಿನ ವಿಷಯವೂ ಹಾಗೆಯೇ. ನಮ್ಮ ಕೆಂಪು ಮಣ್ಣು ಕುಂಡದೊಳಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಮರಳು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಸಡಿಲ ಮಾಡಿಕೊಳ್ಳಿ. ಹಸಿ ಸೆಗಣಿ ಹಾಕಬೇಡಿ. ವಾಸನೆ, ನೊಣ ಒಂದು ಕಡೆಯಾದರೆ, ಧನುರ್ವಾಯುವಿನ ರೋಗಾಣು ಇರುವುದು ಮಣ್ಣು ಮತ್ತು ಸೆಗಣಿಯಲ್ಲೇ. ಕೈಯಲ್ಲಿ ಗಾಯವಿದ್ದರೆ ಕೈಚೀಲ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಉಗುರಿನ ಸಂದು ಸಹಿತ ಸೋಪು ಹಚ್ಚಿ ತೊಳೆಯಿರಿ.

ಸಾಯದ ಗಿಡಗಳು

ನರ್ಸರಿಯವರು “ನೆರಳಿನ ಗಿಡ” ಎಂದು ಕೊಡುವುದನ್ನು ನಾವು “ಕತ್ತಲೆಯ ಗಿಡ” ಎಂದು ತಿಳಿದು ಬಚ್ಚಲಿನ ಮೂಲೆಯಲ್ಲಿಡುತ್ತೇವೆ. ಬೆಳಕೇ ಗಿಡದ ಅನ್ನ. ಮಧ್ಯಾಹ್ನ ಲೈಟ್ ಹಾಕದೆ ಪತ್ರಿಕೆ ಓದಲು ಆಗುವ ಜಾಗವಾದರೆ ಈ ಕೆಳಗಿನ ಗಿಡಗಳು ಬದುಕುತ್ತವೆ. ಓದಲಾಗದಿದ್ದರೆ ಅಲ್ಲಿ ಗಿಡ ಬೇಡ.

ಮೊದಲ ಗಿಡ ತರುವವರಿಗೆ ನಾನು ಹೇಳುವುದು ಸ್ನೇಕ್ ಪ್ಲಾಂಟ್. ಕತ್ತಿಯಂತೆ ನೆಟ್ಟಗೆ ನಿಲ್ಲುವ, ಹಳದಿ ಅಂಚಿನ ಉದ್ದ ಎಲೆಗಳು. ಇಂಗ್ಲಿಷಿನಲ್ಲಿ ಇದಕ್ಕೆ ‘ಅತ್ತೆಯ ನಾಲಿಗೆ’ ಎಂಬ ಇನ್ನೊಂದು ಹೆಸರಿದೆ. ನಮ್ಮ ಅತ್ತೆಯಂದಿರು ಕ್ಷಮಿಸಬೇಕು. ಪಶ್ಚಿಮ ಆಫ್ರಿಕಾದ ಗಿಡ, ನೀರನ್ನು ಎಲೆಯಲ್ಲೂ ಬುಡದ ಗೆಡ್ಡೆಯಲ್ಲೂ ಕೂಡಿಡುತ್ತದೆ. ಮೂರು ವಾರ ಮರೆತರೂ ಏನೂ ಆಗುವುದಿಲ್ಲ. ಇದನ್ನು ಕೊಲ್ಲಲು ಇರುವ ದಾರಿ ಒಂದೇ, ದಿನಾ ನೀರು ಹಾಕುವುದು. ಇನ್ನೊಂದು ಝಡ್‌ಝಡ್ ಪ್ಲಾಂಟ್. ಪೂರ್ವ ಆಫ್ರಿಕಾದ್ದು, ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ, ಮಣ್ಣಿನಡಿ ಆಲೂಗಡ್ಡೆಯಂಥ ಗೆಡ್ಡೆ. ಬೆಲೆ ಸ್ವಲ್ಪ ಹೆಚ್ಚು, ಬೆಳವಣಿಗೆ ನಿಧಾನ, ಆದರೆ ಗಟ್ಟಿ ಪಿಂಡ.

ತೆವಳುವ ಮಗು ಇರುವ ಮನೆಗೆ ಈ ಎರಡಕ್ಕಿಂತ ಸ್ಪೈಡರ್ ಪ್ಲಾಂಟ್ ಮೇಲು. ಹುಲ್ಲಿನಂಥ ಉದ್ದ ಎಲೆಗಳ ನಡುವೆ ಬಿಳಿ ಪಟ್ಟೆ, ಕುಂಡದಿಂದ ಕೆಳಗೆ ಜೋತು ಬೀಳುವ ಪುಟ್ಟ ಮರಿಗಳು. ಮಗು ಕಚ್ಚಿದರೂ ವಿಷವಲ್ಲ. ಇದು ನೀರು ತುಸು ಹೆಚ್ಚು ಕೇಳುತ್ತದೆ, ಎಲೆಯ ತುದಿ ಕಂದಾಗುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ.

ಅಡುಗೆಮನೆಯ ಕಿಟಕಿಗೆ ದೊಡ್ಡಪತ್ರೆಗಿಂತ ಸುಲಭದ ಗಿಡ ನಾನು ಕಂಡಿಲ್ಲ. ನೆರೆಮನೆಯಿಂದ ಒಂದು ಗೇಣು ಕಡ್ಡಿ ಮುರಿದು ತಂದು ಚುಚ್ಚಿದರೆ ಸಾಕು. ತಂಬುಳಿಗೆ ಆಯಿತು, ಬಜ್ಜಿಗೆ ಆಯಿತು. ಪುದೀನವೂ ಹಾಗೆಯೇ: ಬಿರಿಯಾನಿಗೆ ತಂದ ಕಟ್ಟಿನಲ್ಲಿ ಎಲೆ ಬಿಡಿಸಿದ ಮೇಲೆ ಉಳಿಯುವ ಗಟ್ಟಿ ಕಾಂಡಗಳನ್ನು ಎಸೆಯದೆ ನೀರಿನಲ್ಲಿಡಿ. ಒಂದೆರಡು ವಾರದಲ್ಲಿ ಬೇರು ಬರುತ್ತದೆ, ಆಮೇಲೆ ಅಗಲದ ಕುಂಡಕ್ಕೆ ಹಾಕಿ. ಇವೆರಡಕ್ಕೂ ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಬಿಸಿಲು ಬೇಕು. ಪುದೀನ ಮಾತ್ರ ನೀರನ್ನು ಇಷ್ಟಪಡುವ ಪ್ರಕೃತಿಯದು. ದಿನಾ ನೀರು ಹಾಕದೆ ಕೈ ಸುಮ್ಮನಿರದವರು ಪುದೀನವನ್ನೇ ಸಾಕಲಿ.

ಲೋಳೆಸರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ನಮ್ಮ ಯೂನಾನಿ ಅಲಮಾರಿನ ಹಳೆಯ ಮದ್ದು. ಗಿಡವನ್ನು ಘೀಕ್ವಾರ್ ಎನ್ನುತ್ತೇವೆ. ಅದರ ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಒಸರುವ ಹಳದಿ ರಸ ಒಣಗಿ ಕಪ್ಪಾದದ್ದೇ ಸಿಬ್ರ್, ಅಂದರೆ ಮುಸಬ್ಬರ್. ಅದರ ಪ್ರಕೃತಿ ಉಷ್ಣ ಮತ್ತು ಶುಷ್ಕ. ನಾವು ಅದನ್ನು ಶುದ್ಧಗೊಳಿಸಿ, ತೂಕ ನೋಡಿ, ಆಳು ನೋಡಿ ಕೊಡುತ್ತೇವೆ. ಅದು ಬಲವಾದ ಭೇದಿ ಮದ್ದು, ಮುಟ್ಟನ್ನು ತರಿಸುವ ಮದ್ದು ಕೂಡ. ಈಗ ಮೊಬೈಲಿನಲ್ಲಿ ಬರುವ ಸಲಹೆ ನೋಡಿ ಖಾಲಿ ಹೊಟ್ಟೆಗೆ ಲೋಳೆಸರದ ಜ್ಯೂಸ್ ಕುಡಿಯುವವರು, ಬಿಳಿ ಲೋಳೆಯ ಜೊತೆಗೆ ಈ ಹಳದಿ ರಸವನ್ನೂ ಕುಡಿದು ಹೊಟ್ಟೆ ಹಿಂಡಿಕೊಂಡು ಬರುತ್ತಾರೆ. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಇದನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಚರ್ಮಕ್ಕೆ ಹಚ್ಚಲು ಅದು ಒಳ್ಳೆಯದೇ. ಕೊಯ್ದ ಎಲೆಯನ್ನು ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಿ, ತೊಳೆಯಿರಿ, ಸಿಪ್ಪೆ ತೆಗೆದು ಒಳಗಿನ ಪಾರದರ್ಶಕ ಲೋಳೆಯನ್ನಷ್ಟೇ ಬಳಸಿ. ದೋಸೆ ಕಾವಲಿ ತಾಗಿ ಕೆಂಪಾದರೆ ಮೊದಲು 20 ನಿಮಿಷ ನಲ್ಲಿ ನೀರಿನಡಿ ಹಿಡಿಯಿರಿ, ಲೋಳೆ ಆಮೇಲೆ. ಗುಳ್ಳೆ ಎದ್ದ ಅಥವಾ ಚರ್ಮ ಸುಲಿದ ಸುಟ್ಟಗಾಯಕ್ಕೆ ಕುಂಡದ ಲೋಳೆ ಬೇಡ, ಆಸ್ಪತ್ರೆಗೆ ಹೋಗಿ. ಗಿಡಕ್ಕೆ ಬಿಸಿಲು ಬರುವ ಕಿಟಕಿ ಬೇಕು, ನೀರು ಬಹಳ ಕಡಿಮೆ. ಎಲೆಗಳು ಸಪೂರವಾಗಿ, ಬೆಳಕಿನ ಕಡೆಗೆ ಬಾಗಿ ಉದ್ದವಾದರೆ ಬೆಳಕು ಸಾಲದು ಎಂದರ್ಥ.

ಬಾಟಲಿಯ ಮನಿ ಪ್ಲಾಂಟ್

ಮನಿ ಪ್ಲಾಂಟ್ ಇಲ್ಲದ ಮನೆ ಕಡಿಮೆ. ಕದ್ದು ತಂದರೆ ಮಾತ್ರ ಚೆನ್ನಾಗಿ ಬೆಳೆಯುತ್ತದೆ, ಹಣ ತರುತ್ತದೆ ಎಂದು ಒಂದು ಮಾತಿದೆ. ಕದಿಯುವುದು ಯಾಕೆ, ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಒಂದು ಗೆಣ್ಣಿರುವ ಬಳ್ಳಿ ತುಂಡು ಸಾಕು. ನಿಜವಾಗಿಯೂ ಸಾಯದ ಗಿಡ ಇದು. ಆದರೆ ವೈದ್ಯನಾಗಿ ನನಗೆ ಇದರ ಬಗ್ಗೆ ಎರಡು ಚಿಂತೆಗಳಿವೆ.

ಮೊದಲನೆಯದು ಬಾಟಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಗಿಂತ ಮನೆಯೊಳಗಿನ ತಿಳಿನೀರನ್ನು ಹುಡುಕುತ್ತದೆ. ಟಿ.ವಿ. ಪಕ್ಕದ ಗಾಜಿನ ಬಾಟಲಿ, ಹೂದಾನಿ, ಕುಂಡದ ಕೆಳಗಿನ ತಟ್ಟೆ ಅದಕ್ಕೆ ಅರಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನೀರು ಬದಲಿಸಿದರೆ ಆಯಿತಲ್ಲ ಎನ್ನುತ್ತಾರೆ. ಸಾಲದು. ಅದು ಮೊಟ್ಟೆ ಇಡುವುದು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಉಳಿಯುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಬಾಟಲಿಯ ನೀರು ಚೆಲ್ಲಿ, ಒಳಗೆ ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು, ತಟ್ಟೆಯನ್ನೂ ಉಜ್ಜಬೇಕು. ಶುಕ್ರವಾರ ಬೆಳಿಗ್ಗೆ ಮನೆ ಒರೆಸುವ ಹೊತ್ತಿಗೆ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ. ಬ್ರಷ್ ಹೋಗದಷ್ಟು ಸಪೂರ ಕುತ್ತಿಗೆಯ ಬಾಟಲಿಯನ್ನು ಗುಜರಿಗೆ ಕೊಡಿ. ಅಥವಾ ಬಳ್ಳಿಯನ್ನು ಮಣ್ಣಿಗೆ ಹಾಕಿ, ಅಲ್ಲಿ ಇನ್ನೂ ಚೆನ್ನಾಗಿ ಬೆಳೆಯುತ್ತದೆ.

ಇದು ಉತ್ಪ್ರೇಕ್ಷೆ ಅನಿಸಿದರೆ ಒಂದು ವಿಷಯ ಹೇಳುತ್ತೇನೆ. ‘ಲಕ್ಕಿ ಬ್ಯಾಂಬೂ’ ಎಂದು ಉಡುಗೊರೆ ಅಂಗಡಿಗಳಲ್ಲಿ ನೀರಿನಲ್ಲಿಟ್ಟು ಮಾರುತ್ತಾರಲ್ಲ, ಅದು ಬಿದಿರೂ ಅಲ್ಲ, ಅದೃಷ್ಟವೂ ಅಲ್ಲ, ಸ್ನೇಕ್ ಪ್ಲಾಂಟ್‌ನ ದೂರದ ಬಂಧು. 2001ರಲ್ಲಿ ಚೀನಾದಿಂದ ಹಡಗಿನಲ್ಲಿ, ನೀರಿನಲ್ಲಿ ನಿಲ್ಲಿಸಿ ಕಳಿಸಿದ ಈ ಗಿಡಗಳ ಜೊತೆಗೆ ಈಡಿಸ್ ಜಾತಿಯದೇ ಆದ ಏಷ್ಯಾದ ಹುಲಿ ಸೊಳ್ಳೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಿತ್ತು. ನಮ್ಮಲ್ಲಿ 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ಹಾಕಲು ಅವಕಾಶ ಮಾಡಿತು. ದಂಡ ಹೇಗೂ ಕಟ್ಟಬಹುದು. ಪ್ಲೇಟ್‌ಲೆಟ್ ಇಳಿದ ಮಗುವಿನ ಮಂಚದ ಪಕ್ಕ ರಾತ್ರಿ ಕುಳಿತ ತಾಯಿಯನ್ನು ಕೇಳಿದರೆ ಬಾಟಲಿ ಉಜ್ಜುವುದು ದೊಡ್ಡ ಕೆಲಸವಲ್ಲ ಎಂದು ಗೊತ್ತಾಗುತ್ತದೆ.

ಎರಡನೆಯ ಚಿಂತೆ ಎಲೆಯದು. ಪತ್ರೊಡೆಗೆ ಕೆಸುವಿನ ಎಲೆ ಅರೆಬೆಂದಿದ್ದರೆ ಗಂಟಲು ತುರಿಸುತ್ತದೆಯಲ್ಲ, ಹುಣಸೆಹುಳಿ ಧಾರಾಳ ಹಾಕುವುದು ಅದಕ್ಕೇ ತಾನೇ? ಆ ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳುಗಳು. ಕೆಸು, ಸುವರ್ಣಗೆಡ್ಡೆ, ಮನಿ ಪ್ಲಾಂಟ್, ಝಡ್‌ಝಡ್ ಪ್ಲಾಂಟ್ ಎಲ್ಲ ಒಂದೇ ಕುಟುಂಬದವು. ಮನಿ ಪ್ಲಾಂಟ್‌ನ ಎಲೆಯನ್ನು ಮಗು ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಬೆಳೆಸಬೇಡಿ ಎನ್ನುತ್ತಿಲ್ಲ. ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿಡಿ, ಬಳ್ಳಿ ಕೆಳಗೆ ಇಳಿದಂತೆ ಕತ್ತರಿಸುತ್ತಿರಿ.

ಇದೇ ಕುಟುಂಬದ ಡೈಫನ್‌ಬೇಕಿಯಾ ಮಾತ್ರ ಚಿಕ್ಕ ಮಕ್ಕಳ ಮನೆಗೆ ಬೇಡ. ಅಗಲ ಹಸಿರು ಎಲೆಯ ಮೇಲೆ ಬಿಳಿ ಚುಕ್ಕೆ ಚಲ್ಲಿದಂತಿರುವ ಗಿಡ, ಹೋಟೆಲು, ಬ್ಯಾಂಕುಗಳಲ್ಲಿ ನೋಡಿರುತ್ತೀರಿ. ನಾಲಿಗೆ ಊದಿ ಮಾತೇ ಹೊರಡದಂತೆ ಮಾಡುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಮೂಕಗಿಡ ಎಂಬರ್ಥದ ಹೆಸರೇ ಬಂದಿದೆ. ಮಗು ಇಂಥ ಎಲೆ ಕಚ್ಚಿದರೆ ಬಾಯೊಳಗಿನ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ತಣ್ಣನೆಯ ನೀರು ಅಥವಾ ಹಾಲು ಸ್ವಲ್ಪ ಸ್ವಲ್ಪವೇ ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ. ಜೊಲ್ಲು ನಿಲ್ಲದಿದ್ದರೆ, ನುಂಗಲಾಗದಿದ್ದರೆ, ಉಸಿರಿನಲ್ಲಿ ಶಬ್ದ ಬಂದರೆ ತಡಮಾಡದೆ ಆಸ್ಪತ್ರೆಗೆ. ಗಿಡದ ರಸ ಕಣ್ಣಿಗೆ ಹೋದರೆ 15 ನಿಮಿಷ ನೀರು ಹರಿಯಬಿಟ್ಟು ತೊಳೆದು ಕಣ್ಣಿನ ವೈದ್ಯರಿಗೆ ತೋರಿಸಿ.

ಕಣಗಿಲೆಯನ್ನು ಮತ್ತು ಬಾಲ್ಕನಿಗಳಲ್ಲಿ ಈಗ ಫ್ಯಾಷನ್ ಆಗಿರುವ ಅಡೇನಿಯಂ ಗಿಡವನ್ನು ಬೇರೆಯಾಗಿಯೇ ಹೇಳಬೇಕು. ಬುಡ ಉಬ್ಬಿ, ಗುಲಾಬಿ ಬಣ್ಣದ ಹೂ ಬಿಟ್ಟು ಚಂದ ಕಾಣುವ ಅಡೇನಿಯಂ ಕಣಗಿಲೆಯ ಬಂಧು. ಎರಡರಲ್ಲೂ ಇರುವುದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಎಲೆಯೋ ಹೂವೋ ಹೊಟ್ಟೆಗೆ ಹೋಗಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕಾಗಿ ಕಾಯಬೇಡಿ, ಮನೆಮದ್ದು ಮಾಡಬೇಡಿ, ಗಿಡದ ಒಂದು ತುಂಡನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಗಾಳಿ ಶುದ್ಧವಾಗುತ್ತದೆಯೇ?

ಯೂನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಮೊದಲನೆಯದು ಹವಾ, ಅಂದರೆ ನಮ್ಮ ಸುತ್ತಲಿನ ಗಾಳಿ. ಹಾಗಾಗಿ “ಗಾಳಿ ಶುದ್ಧ ಮಾಡುವ ಗಿಡ” ಎಂಬ ಚೀಟಿ ಅಂಟಿಸಿ ಎರಡು ಪಟ್ಟು ಬೆಲೆಗೆ ಮಾರುವುದನ್ನು ಕಂಡಾಗ ನನಗೆ ಸುಮ್ಮನಿರಲಾಗುವುದಿಲ್ಲ. ಈ ಮಾತಿನ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿದ ಒಂದು ಅಧ್ಯಯನ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡವಿಟ್ಟು ನಡೆಸಿದ ಪ್ರಯೋಗ ಅದು. ನಮ್ಮ ಮನೆ ಅಂಥ ಪೆಟ್ಟಿಗೆಯಲ್ಲ. ಇಂಥ ಹಲವು ಪ್ರಯೋಗಗಳ ಲೆಕ್ಕವನ್ನು ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಮತ್ತೆ ತೆಗೆದು ನೋಡಿದರು. ಕಟ್ಟಡದೊಳಗೆ ಸಹಜವಾಗಿ ಗಾಳಿ ಬಂದು ಹೋಗುವುದರಿಂದಲೇ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಎಂದು ಕಂಡಿತು. ಮನೆಯವರು ಆಮೇಲೆ ಎಲ್ಲಿ ಮಲಗುವುದು? ಬೆಳಿಗ್ಗೆ ಎದುರುಬದುರಿನ ಎರಡು ಕಿಟಕಿ ತೆರೆದಿಡಿ, ಒಗ್ಗರಣೆ ಹಾಕುವಾಗ ಅಡುಗೆಮನೆಯ ಫ್ಯಾನ್ ಹಾಕಿ, ಸೊಳ್ಳೆ ಬತ್ತಿ ಉರಿಸುವುದನ್ನು ಬಿಟ್ಟು ಪರದೆ ಕಟ್ಟಿ. ಹವಾ ಸರಿಯಾಗುವುದು ಇದರಿಂದ.

ಇದರ ಎದುರಿನ ಭಯವೂ ಒಂದಿದೆ: ರಾತ್ರಿ ಮಲಗುವ ಕೋಣೆಯಲ್ಲಿ ಗಿಡವಿದ್ದರೆ ಉಸಿರು ಕಟ್ಟುತ್ತದೆ ಎಂಬುದು. ಒಂದು ಕುಂಡದ ಗಿಡ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದರ ಮುಂದೆ ಲೆಕ್ಕಕ್ಕೇ ಇಲ್ಲ. ಸ್ನೇಕ್ ಪ್ಲಾಂಟ್ ಅಂತೂ ಅದನ್ನು ರಾತ್ರಿಯಲ್ಲೇ ಒಳಗೆ ಎಳೆದುಕೊಳ್ಳುವ ಜಾತಿ. ದಮ್ಮಿನ ಕಾಯಿಲೆ ಇರುವವರ ಕೋಣೆಯಲ್ಲಿ ಮಾತ್ರ ಸದಾ ಒದ್ದೆಯಾಗಿರುವ ಕುಂಡ ಇಡಬೇಡಿ. ಅಲ್ಲಿ ತೊಂದರೆ ಕೊಡುವುದು ಗಿಡವಲ್ಲ, ಒದ್ದೆ ಮಣ್ಣಿನ ಮೇಲೆ ಬೆಳೆಯುವ ಬೂಷ್ಟು. ಎಲೆಗಳ ಮೇಲಿನ ಧೂಳನ್ನೂ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಾಗಾದರೆ ಗಿಡ ಯಾಕೆ ಎಂದು ಕೇಳಬಹುದು. ಫ್ಲಾಟ್‌ನ ಮೂರನೇ ಮಹಡಿಯಲ್ಲಿ ದಿನವಿಡೀ ಒಬ್ಬರೇ ಇರುವ ವಯಸ್ಸಾದ ಉಮ್ಮನಿಗೆ ಬೆಳಿಗ್ಗೆ ಎದ್ದು ನೋಡಲು ಒಂದು ಜೀವ ಬೇಕು. ಹೊಸ ಎಲೆ ಸುರುಳಿ ಬಿಚ್ಚಿದೆಯೋ ಎಂದು ನೋಡಲು ಅವರು ಕಿಟಕಿಯವರೆಗೆ ನಡೆಯುತ್ತಾರೆ. ನನ್ನ ಮಟ್ಟಿಗೆ ಅಷ್ಟು ಸಾಕು, ಮದ್ದಿನ ಚೀಟಿಯಲ್ಲಿ ಬರೆಯಬಹುದಾದಷ್ಟು ಒಳ್ಳೆಯ ವಿಷಯ.

ಪೆರ್ನಾಲ್‌ಗೋ ಬೇಸಿಗೆ ರಜೆಗೋ ಹತ್ತು ದಿನ ಊರಿಗೆ ಹೊರಡುವಾಗ ಹೆಚ್ಚಿನವರು ಕುಂಡ ತುಂಬ ನೀರು ನಿಲ್ಲಿಸಿ, ಕೆಳಗಿನ ತಟ್ಟೆಯನ್ನೂ ತುಂಬಿಸಿ ಹೋಗುತ್ತಾರೆ. ಬಂದು ನೋಡಿದರೆ ಗಿಡ ಕೊಳೆತಿರುತ್ತದೆ, ಮನೆ ತುಂಬ ಸೊಳ್ಳೆ. ಹೊರಡುವ ಹಿಂದಿನ ದಿನ ಎಂದಿನಂತೆ ಒಮ್ಮೆ ನೀರು ಹಾಕಿ, ತಟ್ಟೆ ಬೋರಲು ಹಾಕಿ, ಕುಂಡವನ್ನು ನೇರ ಬಿಸಿಲಿನಿಂದ ಒಂದು ಮಾರು ಒಳಗೆ ಸರಿಸಿಡಿ. ಸ್ನೇಕ್ ಪ್ಲಾಂಟ್, ಝಡ್‌ಝಡ್, ಲೋಳೆಸರ ನಿಮಗಾಗಿ ಕಾಯುತ್ತವೆ. ಪುದೀನ ಕಾಯುವುದಿಲ್ಲ, ಅದನ್ನು ನೆರೆಮನೆಗೆ ಕೊಟ್ಟು ಹೋಗಿ.

ಒಮ್ಮೆಗೇ ಹತ್ತು ಗಿಡ ತರಬೇಡಿ, ಒಂದು ತನ್ನಿ. ನರ್ಸರಿಯಿಂದ ಬಂದ ಗಿಡ ಹೊಸ ಜಾಗಕ್ಕೆ ಹೊಂದಿಕೊಳ್ಳುವಾಗ ಒಂದೆರಡು ಎಲೆ ಹಳದಿಯಾಗಿ ಉದುರಬಹುದು. ಆಗ ಗಾಬರಿಯಿಂದ ಗೊಬ್ಬರ ಹಾಕುವುದು, ಕುಂಡ ಬದಲಿಸುವುದು, ದಿನಕ್ಕೊಂದು ಮೂಲೆಗೆ ಎತ್ತಿಡುವುದು ಬೇಡ. ಜ್ವರದಲ್ಲಿ ಮಲಗಿದವನಿಗೆ ಯಾರಾದರೂ ಬಿರಿಯಾನಿ ತಿನ್ನಿಸುತ್ತಾರೆಯೇ? ಮೂರು ವಾರ ಅದರ ಪಾಡಿಗೆ ಬಿಡಿ. ಸ್ನೇಕ್ ಪ್ಲಾಂಟ್ ಆದರೆ ಒಂದೆರಡು ವರ್ಷದಲ್ಲಿ ಬುಡದಲ್ಲಿ ಮರಿ ಎದ್ದು ಕುಂಡ ಬಿಗಿಯಾಗುತ್ತದೆ. ಆಗ ಮರಿಯನ್ನು ಗೆಡ್ಡೆ ಸಹಿತ ಬೇರ್ಪಡಿಸಿ, ಕೈಗುಣವಿಲ್ಲ ಎನ್ನುವ ಇನ್ನೊಬ್ಬರಿಗೆ ಕೊಡಿ. ಎಲೆಯನ್ನು ತುಂಡು ಮಾಡಿ ನೆಟ್ಟರೂ ಬೇರು ಬರುತ್ತದೆ, ಆದರೆ ಹಾಗೆ ಬೆಳೆದ ಗಿಡಕ್ಕೆ ಆ ಹಳದಿ ಅಂಚು ಇರುವುದಿಲ್ಲ.